ಶನಿವಾರ ಹೇಗೋ ಕಳೆಯುತ್ತದೆ

"ಅಕ್ಕ, ವಾರವೆಲ್ಲ ಕ್ಲಾಸು, ಓಡಾಟ ಅಂತ ಹೋಗುತ್ತೆ. ಶನಿವಾರ ಭಾನುವಾರ ಬಂದರೆ ಏನು ಮಾಡಬೇಕು ಅಂತಲೇ ಗೊತ್ತಾಗಲ್ಲ. ಹೊರಗೆ ಹೋದರೆ ದುಡ್ಡು, ಒಳಗಿದ್ದರೆ ತಲೆ ಕೆಡುತ್ತೆ. ಹೋದ ಭಾನುವಾರ ಪೂರ್ತಿ ಹಾಸಿಗೆ ಮೇಲೆ ಕೂತಿದ್ದೆ. ನೀವು ಹೋದ ಹೊಸದರಲ್ಲಿ ಏನು ಮಾಡ್ತಿದ್ರಿ?" ಅಂತ ಕೇಳಿದ್ದೀಯ. ಅದರ ಹಿಂದೆಯೇ ಕೋಟು ಎಲ್ಲಿ ಕೊಳ್ಳೋದು, ರಾಗಿಹಿಟ್ಟು ಸಿಗುತ್ತಾ, ವೀಕೆಂಡಿನಲ್ಲಿ ಊಟ ಡೆಲಿವರಿ ಮಾಡುವ ಕೆಲಸ ಹಿಡಿಯಬಹುದಾ ಅಂತಲೂ ಇದೆ.

ವಿಚಿತ್ರ ನೋಡು. ಲಂಡನ್ನಿನಲ್ಲಿ ಮನೆ ಮಾಡಿಕೊಂಡವಳು ರಜೆಗೆ ಬಂದು ಮಂಡ್ಯದಲ್ಲಿ ಕೂತಿದ್ದೇನೆ. ಮಂಡ್ಯದ ಹುಡುಗ ಅಲ್ಲಿ ಹೋಗಿ ಕೂತಿದ್ದಾನೆ. ನಿನ್ನ ಮೆಸೇಜು ಓದುವಾಗ ನಿಮ್ಮ ಮನೆ ಗೇಟು ನನ್ನ ಕಣ್ಣೆದುರಿಗೇ ಇತ್ತು. ಎರಡು ಸಾಲು ಬರೆದು ಮುಗಿಸೋಣ ಅಂದುಕೊಂಡೆ, ಆಗಲಿಲ್ಲ. ದಸರಾ ಮುಗಿದಿದೆ, ನೆಂಟರೆಲ್ಲ ಹೊರಟಿದ್ದಾರೆ, ನನಗೂ ಬಿಡುವಿದೆ. ಉದ್ದ ಆಯಿತು ಅಂತ ಬೈಕೋಬೇಡ.

ಮೊದಲು ಸಣ್ಣಪುಟ್ಟದ್ದು ಮುಗಿಸಿಬಿಡುತ್ತೇನೆ. ಹೊಸ ಕೋಟು ಕೊಳ್ಳಬೇಡ. ಊರಿನ ಪ್ರತಿ ಬಡಾವಣೆಯ ದೊಡ್ಡ ರಸ್ತೆಯಲ್ಲೂ ಚಾರಿಟಿ ಶಾಪ್ ಇರುತ್ತವೆ. ಜನ ದಾನ ಕೊಟ್ಟ ಬಟ್ಟೆ, ಪುಸ್ತಕ, ಪಾತ್ರೆ ಮಾರುತ್ತಾರೆ. ಸ್ವಲ್ಪ ಅನುಕೂಲಸ್ಥರು ಇರುವ ಕಡೆಯ ಅಂಗಡಿಗೆ ಹೋದರೆ ಒಳ್ಳೆಯ ಉಣ್ಣೆ ಕೋಟು ಸಿಗುತ್ತದೆ. ಯಾರೋ ಹಾಕಿಬಿಟ್ಟ ಬಟ್ಟೆ ಅಂತ ಗೊತ್ತಾದರೆ ನಿಮ್ಮಜ್ಜಿ ಗೋಳಾಡುತ್ತಾರೆ, ಅಷ್ಟು ವಿವರ ಅವರಿಗೆ ಬೇಡ. ಛತ್ರಿಗೆ ದುಡ್ಡು ಹಾಕಬೇಡ, ಅಲ್ಲಿನ ಗಾಳಿಗೆ ಉಲ್ಟಾ ಹೊಡೆಯುತ್ತದೆ. ಟೋಪಿ ಇರುವ ಮಳೆ ಜಾಕೆಟ್ ತಗೋ. ಹತ್ತಿರದ ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ಡಾಕ್ಟರ ಹತ್ತಿರ ಹೆಸರು ಬರೆಸು. ಕಾಯಿಲೆ ಬಂದ ಮೇಲೆ ಅಲ್ಲ, ಈಗಲೇ. ವೀಸಾ ಜೊತೆ ಆರೋಗ್ಯಕ್ಕೆ ಅಂತ ದುಡ್ಡು ಕಟ್ಟಿಸಿಕೊಂಡಿದ್ದಾರಲ್ಲ, ಅದು ಇದಕ್ಕೇ.

ಡೆಲಿವರಿ ಕೆಲಸ ಬೇಡ. ಇದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಗ್ರಿ ಓದುವವರ ಸ್ಟೂಡೆಂಟ್ ವೀಸಾದಲ್ಲಿ ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆದರೆ ಸ್ವಂತ ಉದ್ಯೋಗ ಮಾಡುವ ಹಾಗಿಲ್ಲ. ಸೈಕಲ್ಲಿನಲ್ಲಿ ಊಟ ತಲುಪಿಸುವವರು ಕಂಪನಿಯ ನೌಕರರಲ್ಲ, ಸ್ವಂತ ಉದ್ಯೋಗದವರು ಅಂತ ಲೆಕ್ಕ. ಹಾಗಾಗಿ ನಿನ್ನ ಹೆಸರಲ್ಲಿ ಆಗುವುದಿಲ್ಲ. ಆಗ ಯಾರೋ ಒಬ್ಬ ಬಂದು "ನನ್ನ ಅಕೌಂಟ್ ಬಾಡಿಗೆಗೆ ತಗೋ ಮಗಾ" ಅನ್ನುತ್ತಾನೆ. ಕನ್ನಡದವನೇ ಆಗಿರಬಹುದು, ಮಂಡ್ಯದವನೇ ಆಗಿರಬಹುದು. ಹತ್ತಿರ ಸೇರಿಸಬೇಡ. ಸಿಕ್ಕಿಬಿದ್ದರೆ ವೀಸಾ ಕಳೆದುಕೊಳ್ಳುವವನು ನೀನು. ನಿಮ್ಮಪ್ಪ ಗದ್ದೆ ಪತ್ರ ಬ್ಯಾಂಕಿನಲ್ಲಿ ಇಟ್ಟಿರೋದು ನನಗೂ ಗೊತ್ತು. ಕಾಲೇಜಿನ ಕ್ಯಾಂಟೀನು, ಲೈಬ್ರರಿ, ಅಂಗಡಿ, ಎಲ್ಲಾದರೂ ಸಂಬಳದ ಚೀಟಿ ಕೊಡುವ ಕೆಲಸ ಹುಡುಕು. ಕಡಿಮೆ ಸಿಕ್ಕರೂ ಪರವಾಗಿಲ್ಲ.

ಈಗ ಶನಿವಾರದ ವಿಷಯ.

ನಾನು ಹೋಗಿದ್ದು 2008ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಪಿಇಎಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಸಾಲ ಮಾಡಿಕೊಂಡು ಎಂಎಸ್ಸಿಗೆ ಅಂತ ಹೋಗಿದ್ದೆ. ಓದು ಮುಗಿಯುತ್ತಿದ್ದ ಹಾಗೆ ಕೆಲಸ ಗ್ಯಾರಂಟಿ ಅಂದಿದ್ದವರೆಲ್ಲ ಒಂದೇ ತಿಂಗಳಲ್ಲಿ ಬಾಯಿ ಮುಚ್ಚಿಕೊಂಡರು. ಪೌಂಡಿಗೆ ಆಗ ಎಂಬತ್ತು ಚಿಲ್ರೆ ರೂಪಾಯಿ. ಟೀ ಕುಡಿದರೂ ಮನಸ್ಸು ಗುಣಿಸುತ್ತಿತ್ತು. ಗುಣಿಸಬೇಡ, ಗುಣಿಸಿದರೆ ಬದುಕೋಕೆ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿನಗೂ ಹೇಳಿರುತ್ತಾರೆ. ನಾನು ಹೇಳೋದು, ಮೊದಲ ವರ್ಷ ಗುಣಿಸು. ನಿನ್ನ ಸಾಲ ಇರೋದು ರೂಪಾಯಿಯಲ್ಲಿ. ಅಲ್ಲಿ ಒಂದು ಸಲ ಬಸ್ಸು ಹತ್ತಿದರೂ ರೂಪಾಯಿ ಲೆಕ್ಕದಲ್ಲಿ ದೊಡ್ಡ ಮೊತ್ತವೇ. ಇಲ್ಲಿ ನಮ್ಮವ್ವ 2023ರಿಂದ ಶಕ್ತಿ ಯೋಜನೆಯಲ್ಲಿ ಆಧಾರ್ ಕಾರ್ಡ್ ತೋರಿಸಿ ಮೈಸೂರಿಗೆ ಪುಕ್ಕಟೆ ಹೋಗಿ ಬರುತ್ತಾಳೆ. ದೇವರಾಜ ಮಾರುಕಟ್ಟೆಯಲ್ಲಿ ನಂಜನಗೂಡು ರಸಬಾಳೆ ಸಿಕ್ಕಿತು ಅಂತ ನನಗೆ ಫೋಟೋ ಕಳಿಸುತ್ತಾಳೆ, ಹೊಟ್ಟೆ ಉರಿಸೋಕೆ.

ದುಡ್ಡಿಲ್ಲದ ಶನಿವಾರಗಳಲ್ಲಿ ನಾನು ನಡೆಯುತ್ತಿದ್ದೆ. ಲಂಡನ್ನಿನ ದೊಡ್ಡ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ, ಅದೇ ನನ್ನ ಭಾಗ್ಯ. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನಿಂದ ನೆಲದ ಕೆಳಗಿನ ದಾರಿ ಹಿಡಿದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದರೆ, ಟಿಪ್ಪುವಿನ ಮರದ ಹುಲಿ ಇತ್ತು. ಕೆಂಪು ಕೋಟಿನ ಬಿಳಿಯನನ್ನು ಕೆಡವಿಕೊಂಡು ಕುತ್ತಿಗೆಗೆ ಬಾಯಿ ಹಾಕಿದೆಯಲ್ಲ, ಅದೇ. ಹೊಟ್ಟೆಯ ಒಳಗೆ ಹಾರ್ಮೋನಿಯಂ ಥರದ ವಾದ್ಯ ಇದೆ. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಡುತ್ತದೆ, ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ. ಈಗ ಗಾಜಿನ ಒಳಗಿದೆ, ತಿರುಗಿಸೋಕೆ ಯಾರಿಗೂ ಬಿಡುವುದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಹೊತ್ತುಕೊಂಡು ಹೋಗಿದ್ದು. ನಮ್ಮ ಮನೆಯಿಂದ ಇಪ್ಪತ್ತೈದು ಕಿಲೋಮೀಟರ್ ಚಿಲ್ರೆ ದೂರದ ಊರಿನ ವಸ್ತು. ಸ್ಕೂಲ್ ಟ್ರಿಪ್ಪಿನಲ್ಲಿ ದರಿಯಾ ದೌಲತ್, ಗುಂಬಜ್ ಎಲ್ಲ ನೋಡಿದ್ದೆ, ಇದನ್ನು ನೋಡೋಕೆ ಸಮುದ್ರ ದಾಟಬೇಕಾಯಿತು. ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕಿಗೆ "ಇದು ನಮ್ಮೂರಿನದು" ಅಂದೆ. ಮಂಡ್ಯ ಜಿಲ್ಲೆ ಅಂತ ಅವರಿಗೆ ಏನು ಗೊತ್ತು? ಆದರೂ "ಹೌದಾ, ಹಾಗಾದರೆ ವಾಪಸ್ ಕೇಳು" ಅಂತ ನಕ್ಕರು. ಆ ವಾರ ಬೇರೆ ಯಾರೂ ನನ್ನ ಜೊತೆ ನಕ್ಕಿರಲಿಲ್ಲ. ನೀನೂ ಹೋಗು. ಹೋಗುವ ಮೊದಲು ಹುಲಿ ಪ್ರದರ್ಶನದಲ್ಲಿ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೋ, ಗ್ಯಾಲರಿಗಳನ್ನು ರಿಪೇರಿಗೆ ಅಂತ ಮುಚ್ಚುತ್ತಿರುತ್ತಾರೆ.

ಇನ್ನೊಂದು ಪುಕ್ಕಟೆ ಜಾಗ ಸೇಂಟ್ ಜೇಮ್ಸ್ ಪಾರ್ಕ್. ಅರಮನೆ ಪಕ್ಕ. ಕೆರೆಯಲ್ಲಿ ಹೆಜ್ಜಾರ್ಲೆಗಳಿವೆ. 1664ರಲ್ಲಿ ರಷ್ಯಾದ ರಾಯಭಾರಿ ರಾಜನಿಗೆ ಉಡುಗೊರೆ ಕೊಟ್ಟಿದ್ದಂತೆ, ಅಂದಿನಿಂದ ಅಲ್ಲಿ ಸಾಕುತ್ತಾರೆ. ಜನ ಮುಗಿಬಿದ್ದು ಫೋಟೋ ತೆಗೆಯುತ್ತಾರೆ. ಮದ್ದೂರು ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಮುಂದಿನ ಹುಣಸೆ ಮರದ ಮೇಲೆ ಗೂಡು ಕಟ್ಟುವ ಹಕ್ಕಿ ಅದು, ಜಾತಿ ಸ್ವಲ್ಪ ಬೇರೆ ಅಷ್ಟೆ. ನನಗೆ ಬೆಂಚಿನ ಮೇಲೆ ಕೂತು ಅದನ್ನು ನೋಡುವಾಗ ಒಂಥರಾ ಜಂಬ ಬರುತ್ತಿತ್ತು. ಯಾರಿಗೂ ಹೇಳಲಿಲ್ಲ, ಸುಮ್ನೆ ಕೂತಿದ್ದು ಬಂದೆ.

ಓಡಾಟದಲ್ಲಿ ಎಲ್ಲಿ ಕಳೆದುಕೊಳ್ಳುತ್ತೀಯ ಅಂತ ಹೇಳುತ್ತೇನೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಬೇಕು. ಟ್ಯೂಬಿನಲ್ಲಿ, ಅಂದರೆ ನೆಲದ ಕೆಳಗಿನ ರೈಲಿನಲ್ಲಿ, ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮುಟ್ಟಿಸಬೇಕು. ಕೆಲವು ಸ್ಟೇಷನ್ನಿನಲ್ಲಿ ಗೇಟು ಇರುವುದಿಲ್ಲ, ಕಂಬದ ಮೇಲೆ ಹಳದಿ ಯಂತ್ರ ಮಾತ್ರ. ಮಾತಾಡಿಕೊಂಡು ಹಾಗೇ ಆಚೆ ಬಂದರೆ ಅತಿ ಹೆಚ್ಚಿನ ದರ ಎಷ್ಟೋ ಅಷ್ಟನ್ನೂ ಹಿಡಿದುಕೊಳ್ಳುತ್ತಾರೆ. ಒಂದು ದಿನದ ತರಕಾರಿ ದುಡ್ಡು ಹೋಯಿತು ಅಂತಲೇ ಲೆಕ್ಕ. ಬಸ್ಸಿನಲ್ಲಿ ಒಂದು ಅನುಕೂಲ ಇದೆ. ಮೊದಲ ಸಲ ಮುಟ್ಟಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಾಯಿಸಿದರೂ ಒಂದೇ ಟಿಕೆಟ್ಟಿನ ದುಡ್ಡು. ಟೈಮು ಅವಸರ ಇಲ್ಲದ ವೀಕೆಂಡಿನಲ್ಲಿ ಟ್ಯೂಬು ಬಿಡು, ಡಬಲ್ ಡೆಕ್ಕರ್ ಹತ್ತು. ಮಹಡಿಯ ಮುಂದಿನ ಸೀಟು ಸಿಕ್ಕರೆ ಅದೇ ಅವತ್ತಿನ ಗೆಲುವು. ಅದಕ್ಕಾಗಿ ಒಂದು ಬಸ್ಸು ಬಿಟ್ಟರೂ ತಪ್ಪಿಲ್ಲ, ದೊಡ್ಡವಳಾದ ಮೇಲೂ ನಾನು ಬಿಡುತ್ತೇನೆ. ಇನ್ನು ಶನಿವಾರ ಭಾನುವಾರ ಬಂತು ಅಂದರೆ ಟ್ಯೂಬಿನ ಯಾವುದಾದರೂ ಲೈನು ಕೆಲಸಕ್ಕೆ ಅಂತ ಮುಚ್ಚಿರುತ್ತದೆ. ಹೊರಡುವ ಮುಂಚೆ ನೋಡದಿದ್ದರೆ ಸ್ಟೇಷನ್ ಬಾಗಿಲಲ್ಲಿ ಬೋರ್ಡು ಓದಿಕೊಂಡು ವಾಪಸ್ ಬರಬೇಕಾಗುತ್ತದೆ.

ಊಟದ ಮಾತು. ರಾಗಿಹಿಟ್ಟು ಸಿಗುತ್ತದೆ, ಚಿಂತೆ ಬೇಡ. ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿ, ಎಲ್ಲ ಕಡೆ ನಮ್ಮವರ ಅಂಗಡಿಗಳಿವೆ. ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಕುರಕ್ಕನ್ ಹಿಟ್ಟು ಅಂತ ಬರೆದಿದ್ದರೆ ಅದೂ ರಾಗಿಯೇ. ಅವರೆಕಾಳು ಸಿಗಲ್ಲ ಅಂತ ನಾನು ಬಹಳ ಕಾಲ ಕೊರಗಿದ್ದೆ. ಒಂದು ದಿನ ಗುಜರಾತಿ ಅಂಗಡಿಯ ಫ್ರೀಜರಿನಲ್ಲಿ ಕೈ ಹಾಕಿದರೆ ಸಿಕ್ಕಿತು. ಪ್ಯಾಕೆಟ್ಟಿನ ಮೇಲೆ ಪಾಪ್ಡಿ ಲಿಲ್ವಾ ಅಂತ ಇರುತ್ತದೆ. ತುವರ್ ಲಿಲ್ವಾ ಅಂತ ಇನ್ನೊಂದು ಪಕ್ಕದಲ್ಲೇ ಇರುತ್ತದೆ, ಅದು ಹಸಿ ತೊಗರಿಕಾಳು, ತಗೊಂಡು ಮೋಸ ಹೋಗಬೇಡ. ಸೊಗಡು ಅಷ್ಟಿಲ್ಲ, ಆದರೆ ಬಸ್ಸಾರಿಗೆ ಸಾಕು. ಅವತ್ತು ಆ ಪ್ಯಾಕೆಟ್ ಎದೆಗೆ ಅವುಚಿಕೊಂಡು ಬಸ್ಸಿನಲ್ಲಿ ಕೂತಿದ್ದೆ, ಕೋಟೆಲ್ಲ ಒದ್ದೆ.

ಮುದ್ದೆ ಮಾಡುವಾಗ ಒಂದು ಎಚ್ಚರ. ಆ ಕರೆಂಟು ಒಲೆ ಬೇಗ ಬಿಸಿಯಾಗುವುದಿಲ್ಲ, ಆದ ಮೇಲೆ ಬೇಗ ಆರುವುದೂ ಇಲ್ಲ. ಉರಿ ಕಮ್ಮಿ ಮಾಡಿದೆ ಅಂತ ನೀನು ಅಂದುಕೊಂಡಿರುತ್ತೀಯ, ತಳ ಸೀಯುತ್ತಿರುತ್ತದೆ. ಹಿಟ್ಟಿನ ಕೋಲು ಬೇಕಿಲ್ಲ, ಉದ್ದ ಮರದ ಸೌಟು ಸಾಕು. ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆ, ಅಡುಗೆಮನೆ ಬಾಗಿಲು ಮುಚ್ಚು. ಒಣಮೆಣಸಿನಕಾಯಿ ಹೊಗೆ ಹಜಾರಕ್ಕೆ ಹೋದರೆ ಅಲಾರಂ ಕೂಗಿಕೊಳ್ಳುತ್ತದೆ. ಹಾಸ್ಟೆಲ್ಲಿನಲ್ಲಿ ಅಂಥದ್ದಾದರೆ ರಾತ್ರಿ ಹತ್ತು ಗಂಟೆಗೆ ಇಡೀ ಕಟ್ಟಡದ ಹುಡುಗರು ಚಡ್ಡಿಯಲ್ಲಿ ರಸ್ತೆಗೆ ಬಂದು ನಿಲ್ಲುತ್ತಾರೆ, ಎಲ್ಲರೂ ನಿನ್ನನ್ನೇ ನೋಡುತ್ತಾರೆ.

ಇಷ್ಟೆಲ್ಲ ಸೇರಿದರೆ ಒಂದು ಶನಿವಾರ ಆಗುತ್ತದೆ. ಶನಿವಾರ ಹೇಗೋ ಕಳೆಯುತ್ತದೆ ಕಣಪ್ಪ. ನಿನ್ನ ಮೆಸೇಜಿನಲ್ಲಿ ಇರುವುದೂ ಭಾನುವಾರವೇ.

ಅಲ್ಲಿ ಭಾನುವಾರದ ಲೆಕ್ಕವೇ ಬೇರೆ. 1994ರ ಒಂದು ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಬೆಳಗ್ಗೆ 10ರಿಂದ ಸಂಜೆ 6ರೊಳಗೆ ಆರು ಗಂಟೆ ಮಾತ್ರ ತೆರೆಯಬಹುದು. ಹೆಚ್ಚಿನವು ನಾಲ್ಕಕ್ಕೋ ಐದಕ್ಕೋ ಬಾಗಿಲು ಹಾಕುತ್ತವೆ. ನಾನು ಸಂಜೆ ಐದೂವರೆಗೆ ಚೀಲ ಹಿಡಿದು ಹೋಗಿ, ಒಳಗೆ ದೀಪ ಉರಿಯುತ್ತಿದ್ದರೂ ಬಾಗಿಲು ತೆರೆಯದ್ದು ನೋಡಿ, ಗಾಜು ತಟ್ಟಿದ್ದೆ. ಒಳಗೆ ನೆಲ ಒರೆಸುತ್ತಿದ್ದ ಹುಡುಗ ಕೈಗಡಿಯಾರ ತೋರಿಸಿದ. ಮೂಲೆಯ ಸಣ್ಣ ಅಂಗಡಿಗೆ ಈ ಕಾನೂನಿಲ್ಲ, ಆದರೆ ಅಲ್ಲಿ ಹಾಲಿಗೂ ಬ್ರೆಡ್ಡಿಗೂ ರೇಟು ಜಾಸ್ತಿ. ಭಾನುವಾರದ ಸಾಮಾನು ಶನಿವಾರವೇ ತಂದುಬಿಡು. ಶನಿವಾರ ರಾತ್ರಿ ಹೊತ್ತು ಹೋದರೆ ಅವತ್ತೇ ಖರ್ಚಾಗಬೇಕಾದ ಪದಾರ್ಥಕ್ಕೆ ಹಳದಿ ಚೀಟಿ ಅಂಟಿಸಿ ಕಡಿಮೆಗೆ ಕೊಡುತ್ತಾರೆ, ಅದು ಲಾಭ.

ಈ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ. ಈಗ ನಮಗೂ ನಿಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಆಮೇಲೆ ಐದೂವರೆ. ಕತ್ತಲೆ ಬೇಗ ಬರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೂ ಮೊದಲೇ ಸೂರ್ಯ ಮುಳುಗುತ್ತಾನೆ. ತಡವಾಗಿ ಎದ್ದರೆ ಹಗಲೇ ಸಿಗುವುದಿಲ್ಲ. ಅದಕ್ಕೇ ಭಾನುವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಹೊರಗೆ ಕಾಲಿಡು, ಹಾಲು ತರೋಕಾದರೂ ಸರಿ. ಮಧ್ಯಾಹ್ನ ಮೂರರ ಮೇಲೆ ರೂಮಿನಲ್ಲಿ ಒಬ್ಬನೇ ಕೂರಬೇಡ. ಆ ಹೊತ್ತಿನಲ್ಲಿ ಎದೆ ಮೇಲೆ ಏನೋ ಬಂದು ಕೂರುತ್ತದೆ. ಯಾಕೆ ಅಂತ ಯೋಚಿಸಿದ್ದೇನೆ. ಆಗ ಇಲ್ಲಿ ರಾತ್ರಿ ಊಟದ ಹೊತ್ತು. ಸಂಜೆ ಏಳಕ್ಕೆ ಯಾರ ಜೊತೆಯಾದರೂ ಮಾತಾಡಬೇಕು ಅಂತ ಅಲ್ಲಿ ನಿನಗೆ ಅನ್ನಿಸುವಾಗ ಇಲ್ಲಿ ಎಲ್ಲರೂ ಮಲಗಿರುತ್ತಾರೆ.

ಹಾಗಾಗಿ ಫೋನಿನ ವಿಷಯಕ್ಕೆ ಬರಲೇಬೇಕು.

ನನ್ನ ಕಾಲಕ್ಕೆ ವಾಟ್ಸಾಪ್ ಇರಲಿಲ್ಲ. ಮೂಲೆ ಅಂಗಡಿಯಲ್ಲಿ ಐದು ಪೌಂಡಿನ ಕಾಲಿಂಗ್ ಕಾರ್ಡ್ ಮಾರುತ್ತಿದ್ದರು. ಬೆಳ್ಳಿ ಪಟ್ಟಿಯನ್ನು ಉಗುರಲ್ಲಿ ಕೆರೆದರೆ ನಂಬರ್ ಕಾಣುತ್ತಿತ್ತು. ಅದರ ಮೇಲೆ ಬರೆದಷ್ಟು ನಿಮಿಷ ಯಾವತ್ತೂ ಸಿಗುತ್ತಿರಲಿಲ್ಲ. ಮಾತಿನ ಮಧ್ಯೆ ಹೆಂಗಸಿನ ದನಿ ಬಂದು ಇನ್ನೊಂದೇ ನಿಮಿಷ ಅನ್ನುತ್ತಿತ್ತು. ನಿಮಿಷ ಕಮ್ಮಿ ಇದ್ದಾಗ ಯಾರು ಸೋತಿದ್ದನ್ನು ಹೇಳುತ್ತಾರೆ? ಒಳ್ಳೆಯದನ್ನು ಮಾತ್ರ ಹೇಳುತ್ತಿದ್ದೆ. ಹುಲಿ ನೋಡಿದೆ, ರಾಗಿ ಸಿಕ್ಕಿತು, ಪರೀಕ್ಷೆ ಚೆನ್ನಾಗಾಯಿತು. ಅವ್ವ ಆ ಕಡೆಯಿಂದ ಮಳೆ ಚೆನ್ನಾಗಾಗಿದೆ, ಕೆಆರ್‌ಎಸ್ ತುಂಬಿದೆ, ನಾಲೆಗೆ ನೀರು ಬಿಟ್ಟಿದ್ದಾರೆ ಅನ್ನುತ್ತಿದ್ದಳು. ಮುಂದೆ ಸ್ಮಾರ್ಟ್‌ಫೋನ್ ಬಂತು, ಗಂಟೆಗಟ್ಟಲೆ ಪುಕ್ಕಟೆ ಮಾತಾಡುವ ಹಾಗಾಯಿತು. ಐದು ಪೌಂಡಿನ ಕಾರ್ಡಿನ ಅಭ್ಯಾಸ ಮಾತ್ರ ಹೋಗಲಿಲ್ಲ.

ಈ ಸಲ ಬಂದ ದಿನ ಸ್ನಾನಕ್ಕೆ ಅಂತ ಬಚ್ಚಲುಮನೆಗೆ ಹೋದೆ. ಗೋಡೆಗೆ ಒಂದು ಸ್ಟೀಲ್ ಹಿಡಿ ಹಾಕಿಸಿದ್ದರು. ವಯಸ್ಸಾಯಿತು, ಜಾರದಿರಲಿ ಅಂತ ಹಾಕಿಸಿರಬೇಕು, ಒಳ್ಳೆಯದೇ ಆಯಿತು ಅಂದುಕೊಂಡೆ. ಮೈಗೆ ನೀರು ಹುಯ್ದುಕೊಳ್ಳುವಾಗ ಕಣ್ಣಿಗೆ ಬಿತ್ತು. ಹಿಡಿ ಪಳಪಳ ಅನ್ನುತ್ತಿತ್ತು, ಅದನ್ನು ಹಿಡಿದಿದ್ದ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಬಿಳಿ ಟೈಲ್ಸ್ ಮೇಲೆ ಅಲ್ಲಿಂದ ಕಂದು ಬಣ್ಣದ ಗೆರೆ ಬೆರಳುದ್ದ ಇಳಿದಿತ್ತು. ಮೊನ್ನೆ ಮೊನ್ನೆ ಹಾಕಿದ್ದಾದರೆ ಹಾಗೆ ಇಳಿಯುವುದಿಲ್ಲ. ಆಚೆ ಬಂದು ಅವ್ವನನ್ನು ಕೇಳಿದೆ.

"ಯಾವಾಗ್ಲೋ ಹಾಕ್ಸಿದ್ದು ಬುಡು."

"ಯಾವಾಗ್ಲೋ ಅಂದ್ರೆ?"

"ಅದೇ, ಹೋದ್ ವರ್ಸ ಆಸಾಡ್ದಲ್ಲಿ. ಒಸಿ ಜಾರಿದ್ದೆ."

ಆ ಒಸಿ ಏನು ಅಂತ ಬಿಡಿಸೋಕೆ ನನಗೆ ಎರಡು ದಿನ ಬೇಕಾಯಿತು. ಎಡಗೈ ಮಣಿಕಟ್ಟು ಮುರಿದಿತ್ತು. ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ಗೌರಿ ಹಬ್ಬ ಬಂದಿತ್ತು. ಯಾಕೆ ಹೇಳಲಿಲ್ಲ ಅಂತ ನಾನು ಕೂಗಾಡಿದ್ದಕ್ಕೆ ಅವ್ವ ತಲೆ ಎತ್ತದೆ ಸೊಪ್ಪು ಬಿಡಿಸುತ್ತಾ ಅಂದಳು, "ಹೇಳಿದ್ರೆ ನೀನೇನ್ ಅಲ್ಲಿಂದ ಬಂದ್ ಎತ್ತೀಯಾ?"

ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆಮೇಲೆ ನೆನಪಾಯಿತು. ಆ ವಾರಗಳಲ್ಲಿ ವಿಡಿಯೋ ಕಾಲ್ ಮಾಡಿದಾಗೆಲ್ಲ ಅವ್ವನ ಮುಖ ಮಾತ್ರ ಕಾಣುತ್ತಿತ್ತು, ಕುತ್ತಿಗೆ ಕೆಳಗೆ ಏನೂ ಇಲ್ಲ. ಫೋನ್ ಹಿಡಿದುಕೊಳ್ಳೋಕೆ ನಿನ್ನನ್ನು ಕರೆಸಿಕೊಳ್ಳುತ್ತಿದ್ದಳು. ನೀನು ಪಕ್ಕದಿಂದ "ನೆಟ್‌ವರ್ಕ್ ಸರಿಯಿಲ್ಲ ಅಕ್ಕ" ಅನ್ನುತ್ತಿದ್ದೆ. ಆಟೋ ಕರೆದು ಆಸ್ಪತ್ರೆಗೆ ಕರೆದುಕೊಂಡು ಹೋದವನೂ ನೀನೇ ಅಂತೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅವ್ವ ಆಣೆ ಇಡಿಸಿಕೊಂಡಿದ್ದಳು ಅಂತ ಅವಳೇ ಒಪ್ಪಿಕೊಂಡಳು. ನೀನು ಮಾಡಿದ ಉಪಕಾರ ನಾನು ತೀರಿಸೋಕೆ ಆಗಲ್ಲ. ಅದೇ ವಾರಗಳಲ್ಲಿ ನನ್ನ ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದರು, ನನ್ನ ಹೆಸರೂ ಪಟ್ಟಿಯಲ್ಲಿತ್ತು, ಅದನ್ನು ನಾನೂ ಹೇಳಿರಲಿಲ್ಲ. ಅದು ಬೇರೆ ಕಥೆ, ಬೇರೆ ಕೆಲಸ ಸಿಕ್ಕಿತು. ಆದರೆ ಇಬ್ಬರೂ ನಗುನಗುತ್ತಾ ಮಾತಾಡಿದ ಆ ಭಾನುವಾರಗಳನ್ನು ಈಗ ಏನು ಮಾಡಲಿ? ಇವತ್ತು ಅವ್ವ "ಚೆನ್ನಾಗಿವ್ನಿ ಕಣವ್ವ" ಅಂದರೆ, ಕ್ಯಾಮೆರಾ ಕೆಳಗಿಳಿಸು ಅನ್ನಬೇಕು ಅನ್ನಿಸುತ್ತದೆ. ನಂಬಿಕೆ ಅನ್ನೋದು ಹೀಗೂ ಹಾಳಾಗುತ್ತದೆ, ಯಾರೂ ಯಾರಿಗೂ ಕೆಟ್ಟದ್ದು ಬಯಸದೆಯೇ.

ಇದನ್ನು ನಿನಗೆ ಯಾಕೆ ಹೇಳಿದೆ ಅಂದರೆ, ಮೊನ್ನೆ ಸಂಜೆ ನಿಮ್ಮಮ್ಮ ಬಂದಿದ್ದರು. ತಟ್ಟೆ ತುಂಬಾ ಕೋಡುಬಳೆ, ಇನ್ನೊಂದು ಕೈಯಲ್ಲಿ ಫೋನು. ನೀನು ಟವರ್ ಬ್ರಿಡ್ಜ್ ಮುಂದೆ ಕೈ ಕಟ್ಟಿಕೊಂಡು ನಿಂತಿರುವ ಫೋಟೋ ತೋರಿಸಿದರು. "ಲಂಡನ್ ಬ್ರಿಡ್ಜಂತೆ" ಅಂದರು, ನಾನು ತಿದ್ದಲಿಲ್ಲ. "ಭಾನುವಾರ ಪೂರ್ತಿ ಫ್ರೆಂಡ್ಸ್ ಜೊತೆ ಸುತ್ತಾಡಿದನಂತೆ. ಬಾಳ ಬೇಗ ಹೊಂದ್ಕೊಂಡ, ಅಲ್ವಾ?" ಅಂತ ನನ್ನ ಮುಖ ನೋಡಿದರು. ಹಾಸಿಗೆ ಮೇಲೆ ಕೂತಿದ್ದೆ ಅನ್ನುವ ನಿನ್ನ ಮೆಸೇಜು ನನ್ನ ಮಡಿಲಲ್ಲಿದ್ದ ಫೋನಿನಲ್ಲೇ ಇತ್ತು. ಹೌದು ಕಣಕ್ಕ, ಹೊಂದ್ಕೊಂಡಿದ್ದಾನೆ ಅಂದೆ. ಇನ್ನೇನು ಹೇಳಲಿ? ನಿನ್ನ ಮಾತು ನೀನೇ ಹೇಳಬೇಕು.

ದೊಡ್ಡದನ್ನು ಹೇಳು ಅಂತ ನಾನು ಹೇಳುತ್ತಿಲ್ಲ. ಅಳು ಬಂದಿದ್ದನ್ನೂ ಹೇಳಬೇಕಾಗಿಲ್ಲ. ವಾರಕ್ಕೊಂದು ಸೋಲು ಹೇಳು, ಸಣ್ಣದು. ಅಂಗಡಿ ಮುಚ್ಚಿತ್ತು ಅನ್ನು. ಕಾರ್ಡ್ ಮುಟ್ಟಿಸೋದು ಮರೆತು ಸುಮ್ನೆ ದುಡ್ಡು ಹೋಯಿತು ಅನ್ನು, ನಿಮ್ಮಪ್ಪ ಬೈಯುತ್ತಾರೆ, ಬೈಯಲಿ. ಮುದ್ದೆ ಗಂಟಾಯಿತು ಅಂತ ನಿಮ್ಮಮ್ಮನಿಗೆ ಹೇಳಿ ನೋಡು. ಎಸರು ಎಷ್ಟಿಟ್ಟೆ, ಹಿಟ್ಟು ಯಾವಾಗ ಹಾಕಿದೆ, ಮುಚ್ಚಿಟ್ಟೆಯಾ ಇಲ್ವಾ ಅಂತ ಅರ್ಧ ಗಂಟೆ ವಿಚಾರಣೆ ನಡೆಸುತ್ತಾರೆ. ಮಗನಿಗೆ ತಾನು ಇನ್ನೂ ಬೇಕಾಗಿದ್ದೇನೆ ಅನ್ನೋದು ಅವರಿಗೂ ಗೊತ್ತಾಗಬೇಕಲ್ಲ. ನೀನು ಹೇಳಿದರೆ ಅವರೂ ಹೇಳುತ್ತಾರೆ. ನಿಮ್ಮಪ್ಪನ ಮಂಡಿ ನೋವಿನ ವಿಷಯ ನಿನಗೆ ಗೊತ್ತಿದೆಯಾ? ಗೊತ್ತಿಲ್ಲ ಅಂತಾದರೆ ನನ್ನಿಂದ ತಿಳಿಯಿತು ಅನ್ನಬೇಡ, ಕೇಳು. ಮಧ್ಯಾಹ್ನ ಮೂರಕ್ಕೆ ಫೋನ್ ಮಾಡು. ಇಲ್ಲಿ ಊಟಕ್ಕೆ ಕೂತಿರುತ್ತಾರೆ, ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಡೋಕೆ ಹೇಳು, ಪೂರ್ತಿ ಕಾಣುತ್ತಾರೆ.

ಅಲ್ಲಿ ನಮ್ಮ ಜನ ಎಲ್ಲಿ ಸಿಗುತ್ತಾರೆ ಅಂತಲೂ ನೀನು ಕೇಳಬೇಕಿತ್ತು, ಕೇಳಿಲ್ಲ. ಕನ್ನಡ ಬಳಗದವರು ಯುಗಾದಿಗೂ ದೀಪಾವಳಿಗೂ ಸೇರುತ್ತಾರೆ. ಟಿಕೆಟ್ ತಗೊಂಡು ಹಿಂದಿನ ಸಾಲಿನಲ್ಲಿ ಕೂತು ಬಂದರೆ ಯಾರೂ ಪರಿಚಯ ಆಗುವುದಿಲ್ಲ. ಊಟ ಬಡಿಸೋಕೆ ನಿಲ್ಲು. ಹೋಳಿಗೆ ಬಡಿಸುವ ಹುಡುಗನನ್ನು ಎಲ್ಲರೂ ಮಾತಾಡಿಸುತ್ತಾರೆ, ಯಾವೂರು ಯಾರ ಮಗ ಅಂತ ತಾವೇ ಕೇಳುತ್ತಾರೆ. ಇನ್ನು ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಎದುರು ದಡದಲ್ಲಿ ಪಾರ್ಲಿಮೆಂಟ್ ನೋಡಿಕೊಂಡು ನದಿ ಪಕ್ಕ ನಡೆದು, ಲ್ಯಾಂಬೆತ್ ಸೇತುವೆ ಕಳೆದ ಮೇಲೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಸಿಗುತ್ತದೆ. ಬಿಸಿಲಿರುವ ಭಾನುವಾರ ಬೆಳಗ್ಗೆ ಆ ದಾರಿಯಲ್ಲಿ ನಡೆದರೆ ಯಾವುದಾದರೂ ಕನ್ನಡದ ಸಂಸಾರ ಫೋಟೋ ತೆಗೆಸಿಕೊಳ್ಳುತ್ತಾ ಸಿಕ್ಕರೂ ಸಿಗಬಹುದು. ನಾಚಿಕೆ ಬಿಟ್ಟು ಕನ್ನಡದಲ್ಲಿ ಮಾತಾಡಿಸು. ನನಗೆ ಹಾಗೆ ಸಿಕ್ಕ ಒಬ್ಬರ ಮನೆಯಲ್ಲಿ ಈಗಲೂ ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರುತ್ತೇವೆ.

ನಾನು ಮುಂದಿನ ವಾರ ಹೊರಡುತ್ತೇನೆ. ನಿಮ್ಮಮ್ಮ ಮನೆ ತುಪ್ಪ ಕಟ್ಟಿಕೊಡುತ್ತೇನೆ ಅಂತ ಹಟ ಹಿಡಿದಿದ್ದರು. ಹಾಲು, ತುಪ್ಪ, ಮಾಂಸ ಯಾವುದನ್ನೂ ಇಲ್ಲಿಂದ ಒಯ್ಯುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ, ನನಗೆ ತರೋಕೆ ಇಷ್ಟ ಇಲ್ಲ ಅಂತಲೇ ತಿಳಿದುಕೊಂಡಿರಬೇಕು. ನೀನೇ ಒಂದು ಮಾತು ಹೇಳಿಬಿಡು. ಚಟ್ನಿಪುಡಿ, ಸಾರಿನಪುಡಿ, ಕಲ್ಲಹಳ್ಳಿ ನಿಮ್ಮತ್ತೆ ಕೊಟ್ಟ ಹುರುಳಿಕಾಳು, ಇನ್ನೊಂದು ಡಬ್ಬಿ ಕೋಡುಬಳೆ ತರುತ್ತಿದ್ದೇನೆ. ಕೋಡುಬಳೆಯಲ್ಲಿ ಅರ್ಧ ನಮ್ಮ ಮನೆಯಲ್ಲೇ ಖಾಲಿಯಾಗಿದೆ, ಲೆಕ್ಕ ಕೇಳಬೇಡ.

ನಾನು ಬಂದ ಮೇಲಿನ ಮೊದಲ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಈಸ್ಟ್ ಹ್ಯಾಮ್ ಸ್ಟೇಷನ್ ಹೊರಗೆ ನಿಂತಿರು. ಮೊದಲು ಮಹಾಲಕ್ಷ್ಮಿ ಗುಡಿಗೆ ಹೋಗಿ ಬರೋಣ, ಆಮೇಲೆ ಹೈ ಸ್ಟ್ರೀಟಿನಲ್ಲಿ ಯಾವ ಅಂಗಡಿಯಲ್ಲಿ ಕರಿಬೇವು ತಾಜಾ ಇರುತ್ತದೆ, ಯಾರು ಹಳೇ ತೆಂಗಿನಕಾಯಿ ದಾಟಿಸುತ್ತಾರೆ ಅಂತ ತೋರಿಸುತ್ತೇನೆ. ಊಟ ನಮ್ಮ ಮನೆಯಲ್ಲಿ, ಬಸ್ಸಾರು ಮುದ್ದೆ. ಡಿಸ್ಟ್ರಿಕ್ಟ್ ಲೈನು ಓಡುತ್ತಾ ಇಲ್ವಾ ಅಂತ ಹಿಂದಿನ ರಾತ್ರಿಯೇ ನೋಡಿಕೋ. ಓಡದಿದ್ದರೆ ಬಸ್ಸಿನಲ್ಲಿ ಬಾ, ತಡ ಆದರೂ ಕಾಯುತ್ತೇನೆ. ಖಾಲಿ ಚೀಲ ಎರಡು ತಾ.